ಮೈಯ ನೀರು, ಮಣ್ಣಿನ ನೀರು

ಮಿದುಳಿನ ಉರಿಯೂತವನ್ನು ತೋರಿಸುವ ಎಂಆರ್‌ಐ ಯಂತ್ರವೂ ಹೊಲದ ಹಸಿಯನ್ನು ಅಳೆಯುವ ಉಪಗ್ರಹವೂ ಹುಡುಕುವುದು ನೀರನ್ನೇ. ಆದರೆ ಕಂಡ ನೀರಿಗೆ ಅರ್ಥ ಬರುವುದು ಆ ಮೈಯ, ಆ ಮಣ್ಣಿನ ಸಾಕ್ಷಿ ಸಿಕ್ಕಾಗ.

1945ರ ಡಿಸೆಂಬರ್. ಎರಡನೇ ಮಹಾಯುದ್ಧ ಆಗಷ್ಟೇ ಮುಗಿದಿತ್ತು. ಯುದ್ಧಕಾಲದಲ್ಲಿ ರಾಡಾರ್ ಸಂಶೋಧನೆಗೆ ದುಡಿದಿದ್ದ ಎಡ್ವರ್ಡ್ ಪರ್ಸೆಲ್, ಹೆನ್ರಿ ಟೋರಿ ಮತ್ತು ರಾಬರ್ಟ್ ಪೌಂಡ್ ಎಂಬ ಮೂವರು ಭೌತವಿಜ್ಞಾನಿಗಳು ಬಿಡುವಿನ ವೇಳೆಯಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಹಳೆಯ ಅಯಸ್ಕಾಂತವೊಂದರ ಮುಂದೆ ಸೇರುತ್ತಿದ್ದರು. ಅದರ ಎರಡು ಧ್ರುವಗಳ ನಡುವೆ ಪ್ಯಾರಾಫಿನ್ ಮೇಣ ತುಂಬಿದ ಲೋಹದ ಡಬ್ಬಿ. ಡಬ್ಬಿಯೊಳಕ್ಕೆ ಸುಮಾರು 30 ಮೆಗಾಹರ್ಟ್ಸ್‌ನ ರೇಡಿಯೊ ಅಲೆ. ಅಯಸ್ಕಾಂತದ ಬಲವನ್ನು ನಿಧಾನವಾಗಿ ಬದಲಿಸುತ್ತ ಹೋದಾಗ ಒಂದು ಹಂತದಲ್ಲಿ ಮೇಣ ಆ ಅಲೆಯನ್ನು ಹೀರಿಕೊಂಡಿತು. ಮೇಣದೊಳಗಿನ ಜಲಜನಕದ ನ್ಯೂಕ್ಲಿಯಸ್, ಅಂದರೆ ಒಂಟಿ ಪ್ರೋಟಾನ್, ತನ್ನ ಇರವನ್ನು ಹೊರಗಿನವರಿಗೆ ತಿಳಿಸಿತ್ತು. ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ಸ್ಟ್ಯಾನ್‌ಫರ್ಡ್‌ನಲ್ಲಿ ಫೆಲಿಕ್ಸ್ ಬ್ಲಾಕ್ ಅವರ ತಂಡ ಇದೇ ವಿದ್ಯಮಾನವನ್ನು ನೀರಿನಲ್ಲಿ ಕಂಡಿತು. 1952ರ ಭೌತವಿಜ್ಞಾನದ ನೊಬೆಲ್ ಬ್ಲಾಕ್ ಮತ್ತು ಪರ್ಸೆಲ್ ಇಬ್ಬರಿಗೂ ಸಂದಿತು.

ಆ ಚಳಿಗಾಲದಲ್ಲಿ ಮನೆ ಮುಂದೆ ಬಿದ್ದ ಹಿಮವೂ ತಮಗೆ ಪ್ರೋಟಾನ್‌ಗಳ ರಾಶಿಯಾಗಿ ಕಾಣತೊಡಗಿತು ಎಂದು ಪರ್ಸೆಲ್ ತಮ್ಮ ನೊಬೆಲ್ ಉಪನ್ಯಾಸದಲ್ಲಿ ನೆನೆದಿದ್ದಾರೆ. ಆ ನೋಟ ಮುಂದೆ ಎರಡು ದಾರಿ ಹಿಡಿಯಿತು. ಒಂದು ಆಸ್ಪತ್ರೆಗೆ ಬಂತು. ಇನ್ನೊಂದು ಹೊಲಕ್ಕೆ ಹೋಯಿತು. ನಮ್ಮ ಮೈಯ ತೂಕದಲ್ಲಿ ಸುಮಾರು ಶೇ 60ರಷ್ಟು ನೀರು. ಬೆಳೆ ನಿಂತಿರುವುದು ಮಣ್ಣಿನ ಕಣಗಳ ಸಂದಿನಲ್ಲಿ ಉಳಿದ ನೀರಿನ ಮೇಲೆ. ಎರಡೂ ಕಡೆ ನೀರಿನ ಗುರುತು ಜಲಜನಕವೇ. ಮೈಯನ್ನು ಕೊಯ್ಯದೆ, ನೆಲವನ್ನು ಅಗೆಯದೆ ಒಳಗಿನ ನೀರನ್ನು ತಿಳಿಯಲು ಕಳೆದ ಎಂಟು ದಶಕಗಳಲ್ಲಿ ನಡೆದ ಸಾಹಸದಲ್ಲಿ ಬೆಂಗಳೂರಿನ ಪ್ರಯೋಗಾಲಯ, ಬಂಡೀಪುರದ ಕಾಡು, ಗುಂಡ್ಲುಪೇಟೆಯ ಹೊಲಗಳಿಗೂ ಪಾಲಿದೆ.

ಮೇಣದಿಂದ ಮಿದುಳಿಗೆ

ಪ್ರೋಟಾನ್ ಒಂದು ಪುಟ್ಟ ಕಾಂತ. ಬಲವಾದ ಕಾಂತಕ್ಷೇತ್ರದಲ್ಲಿಟ್ಟರೆ ಅದರ ಅಕ್ಷ ಕ್ಷೇತ್ರದ ಸುತ್ತ ಒಂದು ನಿಶ್ಚಿತ ವೇಗದಲ್ಲಿ ಸುತ್ತುತ್ತದೆ. ಒಂದು ಟೆಸ್ಲಾ ಬಲಕ್ಕೆ ಸೆಕೆಂಡಿಗೆ 4 ಕೋಟಿ 25 ಲಕ್ಷಕ್ಕೂ ಹೆಚ್ಚು ಸುತ್ತು. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿರುವ 1.5 ಟೆಸ್ಲಾ ಎಂಆರ್‌ಐ ಯಂತ್ರದಲ್ಲಿ ಇದು ಸುಮಾರು 64 ಮೆಗಾಹರ್ಟ್ಸ್ ಆಗುತ್ತದೆ. ಅದೇ ಕಂಪನಾಂಕದ ರೇಡಿಯೊ ಅಲೆ ಕಳಿಸಿದರೆ ಪ್ರೋಟಾನ್‌ಗಳು ಶಕ್ತಿ ಹೀರಿ ವಾಲುತ್ತವೆ, ಅಲೆ ನಿಂತಾಗ ಮೊದಲಿನ ಸ್ಥಿತಿಗೆ ಮರಳುತ್ತವೆ. ಮರಳುವಾಗ ಅವು ಹೊಮ್ಮಿಸುವ ಕ್ಷೀಣ ಸಂಕೇತವನ್ನು ಯಂತ್ರ ಹಿಡಿಯುತ್ತದೆ. ಮರಳಲು ಎಷ್ಟು ಹೊತ್ತು ಹಿಡಿಯಿತು ಎಂಬುದರಲ್ಲಿ ಆ ನೀರು ಎಲ್ಲಿದೆ, ಕೊಬ್ಬಿನ ಪಕ್ಕದಲ್ಲಿ ಸಿಕ್ಕಿಕೊಂಡಿದೆಯೇ, ಸ್ವತಂತ್ರವಾಗಿ ಓಡಾಡುತ್ತಿದೆಯೇ ಎಂಬ ಸುದ್ದಿ ಇರುತ್ತದೆ.

ಈ ವಿದ್ಯೆಯ ಆರಂಭದ ಪುಟಗಳಲ್ಲಿ ಬೆಂಗಳೂರಿನ ಹೆಸರೂ ಇದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಜಿ. ಸೂರ್ಯನ್ ಅವರು ಹರಿಯುವ ದ್ರವದಲ್ಲಿ ಈ ಸಂಕೇತ ಹೇಗೆ ಬದಲಾಗುತ್ತದೆ ಎಂಬುದನ್ನು 1951ರಲ್ಲಿಯೇ ಅಳೆದು ಪ್ರಕಟಿಸಿದರು. ನಿಂತ ದ್ರವದ ಪ್ರೋಟಾನ್‌ಗಳು ಅಲೆಯನ್ನು ಹೀರಿ ದಣಿದರೆ, ಹರಿದು ಬರುವ ದ್ರವ ಹೊಸ ಪ್ರೋಟಾನ್‌ಗಳನ್ನು ತಂದುಕೊಡುತ್ತದೆ, ಸಂಕೇತ ಬಲಗೊಳ್ಳುತ್ತದೆ. ಈಗ ವೈದ್ಯರು ಮಿದುಳಿನ ರಕ್ತನಾಳಗಳ ಚಿತ್ರವನ್ನು ಎಂಆರ್‌ಐನಲ್ಲಿ ತೆಗೆಯುವ ವಿಧಾನಗಳ ಹಿಂದೆ ಇದೇ ತತ್ವವಿದೆ. ಆಗ ಮೈಯ ಚಿತ್ರದ ಕನಸು ಯಾರಿಗೂ ಬಿದ್ದಿರಲಿಲ್ಲ. ಕೊಳವೆಯೊಳಗಿನ ದ್ರವವೊಂದರ ನಡತೆಯನ್ನು ಸರಿಯಾಗಿ ಅರಿಯಬೇಕೆಂಬ ಹಂಬಲವಷ್ಟೇ ಆ ಕೆಲಸಕ್ಕೆ ಕಾರಣವಾಗಿತ್ತು.

ಚಿತ್ರದ ಯೋಚನೆ ಬಂದದ್ದು 1970ರ ದಶಕದಲ್ಲಿ. ಇಲಿಗಳ ಗಂತಿಯಲ್ಲಿರುವ ನೀರಿನ ಪ್ರೋಟಾನ್‌ಗಳು ಆರೋಗ್ಯವಂತ ಅಂಗಾಂಶದಲ್ಲಿರುವವಕ್ಕಿಂತ ನಿಧಾನವಾಗಿ ಮರಳುತ್ತವೆ ಎಂದು ರೇಮಂಡ್ ಡಮಾಡಿಯನ್ 1971ರಲ್ಲಿ ತೋರಿಸಿದರು. ಕಾಂತಕ್ಷೇತ್ರವನ್ನು ಒಂದು ಬದಿಯಿಂದ ಇನ್ನೊಂದಕ್ಕೆ ಸ್ವಲ್ಪಸ್ವಲ್ಪವೇ ಏರಿಸಿದರೆ ಯಾವ ಸಂಕೇತ ಎಲ್ಲಿಂದ ಬಂತೆಂದು ಕಂಡುಹಿಡಿಯಬಹುದು ಎಂದು ಪಾಲ್ ಲಾಟರ್ಬರ್ 1973ರಲ್ಲಿ ಸಾಧಿಸಿದರು. ಅವರು ಪ್ರಕಟಿಸಿದ ಮೊದಲ ಚಿತ್ರ ಎರಡು ಸಣ್ಣ ನಳಿಕೆಗಳಲ್ಲಿದ್ದ ನೀರಿನದು. ನಳಿಕೆಗಳ ಸುತ್ತ ಇದ್ದದ್ದು ಭಾರಜಲ. ಅದು ಕಣ್ಣಿಗೆ ನೀರಿನಂತೆಯೇ ಇದ್ದರೂ ಚಿತ್ರದಲ್ಲಿ ಸಾದಾ ನೀರು ಬೇರೆಯಾಗಿ ಕಂಡಿತು. ಇಂಗ್ಲೆಂಡಿನ ನಾಟಿಂಗ್‌ಹ್ಯಾಂನಲ್ಲಿ ಪೀಟರ್ ಮ್ಯಾನ್ಸ್‌ಫೀಲ್ಡ್ ಈ ವಿಧಾನಕ್ಕೆ ವೇಗ ತಂದರು. ಲಾಟರ್ಬರ್ ಮತ್ತು ಮ್ಯಾನ್ಸ್‌ಫೀಲ್ಡ್ 2003ರ ವೈದ್ಯಕೀಯ ನೊಬೆಲ್ ಹಂಚಿಕೊಂಡರು.

ಉರಿಯೂತವನ್ನು ಕಂಡ ಕಣ್ಣು

ರೋಗನಿರೋಧಕ ಶಕ್ತಿಯ ಅಧ್ಯಯನಕ್ಕೆ ಎಂಆರ್‌ಐ ಕೊಟ್ಟ ಕೊಡುಗೆಯನ್ನು ತಿಳಿಯಲು ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ಕಾಯಿಲೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಮಿದುಳು ಮತ್ತು ಬೆನ್ನುಹುರಿಯ ನರತಂತುಗಳ ಮೇಲೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆ ಇದೆ. ನರಸಂದೇಶ ವೇಗವಾಗಿ ಓಡುವುದು ಅದರಿಂದಲೇ. ಸೋಂಕಿನ ವಿರುದ್ಧ ಹೋರಾಡಬೇಕಾದ ಟಿ ಜೀವಕೋಶಗಳು ಈ ಕಾಯಿಲೆಯಲ್ಲಿ ಮಿದುಳಿನ ರಕ್ಷಣಾ ತಡೆಯನ್ನು ದಾಟಿ ಒಳನುಗ್ಗಿ, ತಮ್ಮದೇ ಮೈಯ ಮಯಲಿನ್ ಮೇಲೆ ಬೀಳುತ್ತವೆ. ಕಣ್ಣು ಮಂಜಾಗುವುದು, ಕಾಲು ಜೋಮು ಹಿಡಿಯುವುದು, ನಡಿಗೆ ತಪ್ಪುವುದು ಹೀಗೆ ಲಕ್ಷಣಗಳು ಬಂದು ಹೋಗುತ್ತವೆ. ಬಹುಪಾಲು ರೋಗಿಗಳಿಗೆ ಇದು ಹರೆಯದಲ್ಲೇ ಅಂಟಿಕೊಳ್ಳುತ್ತದೆ.

ಎಂಆರ್‌ಐಗೆ ಮುಂಚೆ ಇದನ್ನು ಕಾಣುವ ದಾರಿ ಬಹಳ ಕಿರಿದಾಗಿತ್ತು. 1981ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ತಂಡ ಈ ರೋಗಿಗಳ ಮಿದುಳಿನ ಕಾಂತೀಯ ಚಿತ್ರಗಳನ್ನು ಪ್ರಕಟಿಸಿದಾಗ ಸಿ.ಟಿ. ಸ್ಕ್ಯಾನಿನಲ್ಲಿ ಕಂಡದ್ದಕ್ಕಿಂತ ಹಲವು ಪಟ್ಟು ಹೆಚ್ಚು ಗಾಯಗಳು ಅವುಗಳಲ್ಲಿ ಮೂಡಿದ್ದವು. ಕಾರಣ ನೀರೇ. ಉರಿಯೂತ ಇದ್ದಲ್ಲಿ ದ್ರವ ಸೋರಿ ಸೇರಿಕೊಳ್ಳುತ್ತದೆ. ಮಯಲಿನ್ ಕರಗಿದಲ್ಲಿ ಅದರ ಪದರಗಳ ನಡುವೆ ಸಿಕ್ಕಿಕೊಂಡಿದ್ದ ನೀರು ಸಡಿಲಗೊಳ್ಳುತ್ತದೆ. ಆ ಪ್ರೋಟಾನ್‌ಗಳ ಸಂಕೇತ ಹೆಚ್ಚು ಹೊತ್ತು ಉಳಿಯುತ್ತದೆ, ಚಿತ್ರದಲ್ಲಿ ಬಿಳಿಯ ಮಚ್ಚೆಗಳಾಗಿ ಮೂಡುತ್ತದೆ. ಗ್ಯಾಡೊಲಿನಿಯಂ ಎಂಬ ಲೋಹದ ಸಂಯುಕ್ತವನ್ನು ರಕ್ತನಾಳಕ್ಕೆ ಕೊಟ್ಟರೆ ರಕ್ಷಣಾ ತಡೆ ಒಡೆದ ಜಾಗದಲ್ಲಿ ಮಾತ್ರ ಅದು ಮಿದುಳಿಗೆ ಸೋರಿ, ಪಕ್ಕದ ನೀರಿನ ಪ್ರೋಟಾನ್‌ಗಳು ಬೇಗ ಮರಳುವಂತೆ ಮಾಡುತ್ತದೆ. ಹೀಗೆ ಹಳೆಯ ಗಾಯ ಯಾವುದು, ಈಗ ಉರಿಯುತ್ತಿರುವ ಗಾಯ ಯಾವುದು ಎಂದು ಬೇರ್ಪಡಿಸಲು ಸಾಧ್ಯವಾಯಿತು.

ಈ ನೋಟ ರೋಗದ ಬಗೆಗಿನ ತಿಳಿವಳಿಕೆಯನ್ನೇ ಬದಲಿಸಿತು. ರೋಗಿ ಆರಾಮಾಗಿದ್ದೇನೆ ಎನ್ನುವ ತಿಂಗಳುಗಳಲ್ಲೂ ಮಿದುಳಿನಲ್ಲಿ ಹೊಸ ಮಚ್ಚೆಗಳು ಮೂಡುತ್ತಿರುವುದು ಕಂಡಿತು. 1993ರಲ್ಲಿ ಅಮೆರಿಕದಲ್ಲಿ ಬೀಟಾ ಇಂಟರ್‌ಫೆರಾನ್ ಔಷಧಿಗೆ ಒಪ್ಪಿಗೆ ಸಿಗುವಾಗ ಎಂಆರ್‌ಐ ಚಿತ್ರಗಳು ಮುಖ್ಯ ಪುರಾವೆಯಾದವು. ಟಿ ಜೀವಕೋಶಗಳು ಮಿದುಳಿಗೆ ನುಗ್ಗದಂತೆ ತಡೆಯುವ ನಟಾಲಿಜುಮ್ಯಾಬ್ 2004ರಲ್ಲಿ ಬಂತು. ಹೊಸ ಔಷಧಿಗಳ ಪರೀಕ್ಷೆಯಲ್ಲಿ ಹೊಸ ಮಚ್ಚೆಗಳ ಎಣಿಕೆಯೇ ಮೊದಲ ಅಳತೆಗೋಲಾಯಿತು. ಮೈಯ ಮೇಲೆ ಮೈಯೇ ಬೀಳದಂತೆ ಕಾಯುವ ನಿಯಂತ್ರಕ ಟಿ ಜೀವಕೋಶಗಳನ್ನು ಬೆಳಕಿಗೆ ತಂದ ಮೇರಿ ಬ್ರಂಕೊ, ಫ್ರೆಡ್ ರ‍್ಯಾಮ್ಸ್‌ಡೆಲ್ ಮತ್ತು ಶಿಮೊನ್ ಸಕಗುಚಿ ಅವರಿಗೆ 2025ರ ವೈದ್ಯಕೀಯ ನೊಬೆಲ್ ಸಂದಿದೆ. ಆ ಕಾವಲುಗಾರ ಕೋಶಗಳನ್ನೇ ಚಿಕಿತ್ಸೆಯಾಗಿ ಬಳಸುವ ಪ್ರಯತ್ನಗಳು ಮುಂದುವರಿದಂತೆ ಅವು ಮೈಯಲ್ಲಿ ಎಲ್ಲಿಗೆ ಹೋದವು ಎಂದು ತಿಳಿಯುವ ಅಗತ್ಯವೂ ಬೆಳೆಯುತ್ತದೆ.

ಆ ಅಗತ್ಯ ಎಷ್ಟು ದೊಡ್ಡದು ಎಂಬುದನ್ನು ನೆದರ್ಲೆಂಡ್ಸ್‌ನ ನೈಮೇಗನ್‌ನ ಅಧ್ಯಯನವೊಂದು 2005ರಲ್ಲಿ ತೋರಿಸಿತು. ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್ ಇದ್ದವರಿಗೆ ಅವರದೇ ರೋಗನಿರೋಧಕ ಕೋಶಗಳನ್ನು ತರಬೇತುಗೊಳಿಸಿ ದುಗ್ಧಗ್ರಂಥಿಗೆ ಚುಚ್ಚುತ್ತಿದ್ದರು. ಸೂಜಿಗೆ ದಾರಿ ತೋರಲು ಅಲ್ಟ್ರಾಸೌಂಡ್ ಇತ್ತು. ಕೋಶಗಳಿಗೆ ಕಬ್ಬಿಣದ ಆಕ್ಸೈಡ್‌ನ ಅತಿಸಣ್ಣ ಕಣಗಳನ್ನು ಸೇರಿಸಿ ಎಂಆರ್‌ಐನಲ್ಲಿ ನೋಡಿದಾಗ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಚುಚ್ಚುಮದ್ದು ಗ್ರಂಥಿಗೆ ಸೇರದೆ ಪಕ್ಕಕ್ಕೆ ಬಿದ್ದಿತ್ತು. ಆ ರೋಗಿಗಳಿಗೆ ಚಿಕಿತ್ಸೆ ಫಲಿಸದಿದ್ದರೆ ದೋಷ ಕೋಶಗಳದ್ದೋ ಸೂಜಿಯದ್ದೋ ಎಂದು ಹೇಳುವವರು ಯಾರು? ಸರಿಯಾಗಿ ನೋಡದೆ ಬರೆದ ಫಲಿತಾಂಶ ಒಳ್ಳೆಯ ಚಿಕಿತ್ಸೆಯನ್ನೂ ಕೊಲ್ಲಬಲ್ಲದು.

ಹಾಗೆಂದು ಚಿತ್ರ ಹೇಳಿದ್ದೆಲ್ಲ ಪೂರ್ತಿ ಸತ್ಯವೂ ಆಗುವುದಿಲ್ಲ. ಎಂಆರ್‌ಐ ಕಾಣುವುದು ನೀರನ್ನು, ಟಿ ಜೀವಕೋಶವನ್ನಲ್ಲ. ವಯಸ್ಸಾದವರಲ್ಲಿ, ರಕ್ತದೊತ್ತಡ ಇರುವವರಲ್ಲಿ, ಮೈಗ್ರೇನ್ ಇರುವವರಲ್ಲೂ ಮಿದುಳಿನಲ್ಲಿ ಬಿಳಿಯ ಮಚ್ಚೆಗಳು ಕಾಣುತ್ತವೆ. ಮಚ್ಚೆ ತುಂಬಿದ ಮಿದುಳಿನವರು ಓಡಾಡಿಕೊಂಡಿರಬಹುದು, ಕೆಲವೇ ಮಚ್ಚೆಯವರು ಗಾಲಿಕುರ್ಚಿ ಹಿಡಿದಿರಬಹುದು. ಅದಕ್ಕಾಗಿಯೇ ಮಚ್ಚೆ ಮಿದುಳಿನ ಯಾವ ಭಾಗದಲ್ಲಿದೆ, ಬೇರೆಬೇರೆ ಕಾಲದಲ್ಲಿ ಮೂಡಿದೆಯೇ, ರೋಗಿಯ ಅನುಭವ ಏನು ಹೇಳುತ್ತದೆ ಎಂಬುದನ್ನು ಒಟ್ಟಿಗೆ ತೂಗುವ ಮೆಕ್‌ಡೊನಾಲ್ಡ್ ಮಾನದಂಡಗಳು 2001ರಲ್ಲಿ ಬಂದವು, ಮತ್ತೆಮತ್ತೆ ಪರಿಷ್ಕೃತವಾದವು. ತೀರಿಕೊಂಡ ರೋಗಿಗಳ ಕುಟುಂಬದವರು ದಾನ ಮಾಡಿದ ಮಿದುಳುಗಳ ಸ್ಕ್ಯಾನ್ ತೆಗೆದು, ಬಳಿಕ ಅದೇ ಅಂಗಾಂಶವನ್ನು ಸೂಕ್ಷ್ಮದರ್ಶಕದ ಅಡಿ ಇಟ್ಟು, ಯಾವ ಬಿಳುಪಿನ ಹಿಂದೆ ಏನಿದೆ ಎಂದು ಕಲಿತವರು ವಿಜ್ಞಾನಿಗಳು. ಈ ಸಾಕ್ಷಿಗಳ ಬಲದ ಮೇಲೆಯೇ ವೈದ್ಯರು ಚಿತ್ರ ಓದುತ್ತಾರೆ.

ಹೊಲದ ತೇವವನ್ನು ಅಳೆಯುವುದು

ಈಗ ಮಣ್ಣಿಗೆ ಬರೋಣ. ಮಣ್ಣಿನ ತೇವ ಅಳೆಯುವ ಅತ್ಯಂತ ನಂಬಿಕೆಯ ವಿಧಾನ ಇವತ್ತಿಗೂ ತೀರಾ ಸರಳ. ಹೊಲದಿಂದ ಮಣ್ಣು ತೆಗೆದು ತೂಗಬೇಕು, 105 ಡಿಗ್ರಿ ಸೆಲ್ಸಿಯಸ್ ಓವನ್ನಿನಲ್ಲಿ ಒಂದು ದಿನ ಒಣಗಿಸಬೇಕು, ಮತ್ತೆ ತೂಗಬೇಕು. ಕಡಿಮೆಯಾದ ತೂಕವೇ ನೀರು. ಆದರೆ ಪ್ರತಿದಿನ, ಪ್ರತಿ ಹೊಲದಲ್ಲಿ ಹೀಗೆ ಅಗೆಯುತ್ತ ಕೂರಲಾಗದು. ಅಗೆದ ಜಾಗವನ್ನು ಮತ್ತೊಮ್ಮೆ ಅಳೆಯಲೂ ಆಗದು.

1950ರ ದಶಕದಲ್ಲಿ ನ್ಯೂಟ್ರಾನ್ ಮಾಪಕ ಬಂತು. ನೆಲಕ್ಕೆ ಇಳಿಸಿದ ಕೊಳವೆಯೊಳಗೆ ವಿಕಿರಣದ ಒಂದು ಸಣ್ಣ ಮೂಲವಿಟ್ಟರೆ ವೇಗದ ನ್ಯೂಟ್ರಾನ್‌ಗಳು ಮಣ್ಣಿಗೆ ಚಿಮ್ಮುತ್ತವೆ. ಗೋಲಿಯಾಟದಲ್ಲಿ ಓಡುವ ಗೋಲಿ ತನ್ನಷ್ಟೇ ತೂಕದ ಗೋಲಿಗೆ ಬಡಿದರೆ ಅಲ್ಲೇ ನಿಲ್ಲುತ್ತದೆ, ಬಂಡೆಗೆ ಬಡಿದರೆ ಹೆಚ್ಚು ವೇಗ ಕಳೆದುಕೊಳ್ಳದೆ ಹಿಂದಕ್ಕೆ ಪುಟಿಯುತ್ತದೆ. ನ್ಯೂಟ್ರಾನ್ ಮತ್ತು ಪ್ರೋಟಾನಿನ ತೂಕ ಬಹುತೇಕ ಒಂದೇ. ಹೀಗಾಗಿ ಜಲಜನಕಕ್ಕೆ ಬಡಿದ ನ್ಯೂಟ್ರಾನ್ ಬೇಗ ವೇಗ ಕಳೆದುಕೊಳ್ಳುತ್ತದೆ. ಜಲಜನಕದಲ್ಲಿ ಹದಿನೆಂಟರ ಆಸುಪಾಸಿನ ಬಡಿತಗಳು ಸಾಕಾದರೆ ಆಮ್ಲಜನಕದಲ್ಲಿ ನೂರೈವತ್ತರಷ್ಟು ಬೇಕು. ನಿಧಾನಗೊಂಡು ಹಿಂದಿರುಗಿದ ನ್ಯೂಟ್ರಾನ್‌ಗಳನ್ನು ಎಣಿಸಿದರೆ ಮಣ್ಣಿನಲ್ಲಿ ಎಷ್ಟು ನೀರಿದೆ ಎಂದು ತಿಳಿಯುತ್ತದೆ. ವಿಕಿರಣದ ಮೂಲವನ್ನು ಹೊಲದಲ್ಲಿ ಬಿಟ್ಟು ಬರುವಂತಿಲ್ಲ ಎಂಬುದು ಮಾತ್ರ ಇದರ ತೊಡಕು.

ಇದಕ್ಕೆ ಸೊಗಸಾದ ಪರಿಹಾರವೊಂದನ್ನು ಅಮೆರಿಕದ ಅರಿಜೋನಾ ವಿಶ್ವವಿದ್ಯಾಲಯದ ಮಾರೆಕ್ ಜ್ರೆಡಾ ಮತ್ತು ಸಂಗಡಿಗರು 2008ರಲ್ಲಿ ಮುಂದಿಟ್ಟರು. ಬಾಹ್ಯಾಕಾಶದಿಂದ ಬರುವ ಕಾಸ್ಮಿಕ್ ಕಿರಣಗಳು ವಾತಾವರಣಕ್ಕೂ ನೆಲಕ್ಕೂ ಬಡಿದಾಗ ನ್ಯೂಟ್ರಾನ್‌ಗಳು ತಾವಾಗಿಯೇ ಹುಟ್ಟುತ್ತಿರುತ್ತವೆ. ಹೊಲದ ನಡುವೆ ಕಂಬ ನೆಟ್ಟು ಮೇಲೆ ಬರುವ ವೇಗದ ನ್ಯೂಟ್ರಾನ್‌ಗಳನ್ನು ಎಣಿಸಿದರೆ ಸಾಕು. ನೆಲ ಹಸಿಯಾಗಿದ್ದರೆ ಜಲಜನಕ ಅವನ್ನು ತಡೆದು ಎಣಿಕೆ ಇಳಿಯುತ್ತದೆ, ಒಣಗಿದ್ದರೆ ಏರುತ್ತದೆ. ಒಂದೇ ಕಂಬ ಸುತ್ತಲಿನ ನೂರಾರು ಮೀಟರ್ ಹೊಲದ ಸರಾಸರಿ ತೇವವನ್ನು ಹಲವಾರು ಸೆಂಟಿಮೀಟರ್ ಆಳದವರೆಗೆ ಹೇಳುತ್ತದೆ. ಇಂಥ ಕೇಂದ್ರಗಳ ಜಾಲ ಅಮೆರಿಕ, ಆಸ್ಟ್ರೇಲಿಯಾ, ಬ್ರಿಟನ್‌ಗಳಲ್ಲಿ ಬೆಳೆಯಿತು. ಬ್ರಿಟನ್ನಿನ ಪರಿಸರ ವಿಜ್ಞಾನ ಸಂಸ್ಥೆ ಮತ್ತು ಭಾರತೀಯ ವಿಜ್ಞಾನ ಸಂಸ್ಥೆಯ ಸಹಯೋಗದಲ್ಲಿ ಈ ಜಾಲ ಭಾರತಕ್ಕೂ ಬಂದು, ಗುಂಡ್ಲುಪೇಟೆ ಬಳಿಯ ಬೇರಂಬಾಡಿ ಮತ್ತು ಧಾರವಾಡದಲ್ಲಿಯೂ ಎಣಿಕೆ ನಡೆಸಿತು.

ರೈತರ ಕೈಗೆ ಬಂದಿರುವ ಅಗ್ಗದ ಸೆನ್ಸರ್‌ಗಳಲ್ಲಿ ಹಲವು ಬೇರೆ ಗುಣವನ್ನು ನೆಚ್ಚಿಕೊಂಡಿವೆ. ವಿದ್ಯುತ್ ಕ್ಷೇತ್ರಕ್ಕೆ ನೀರು ಒಡ್ಡುವ ಪ್ರತಿಕ್ರಿಯೆಯ ಅಳತೆ ಸುಮಾರು 80, ಒಣ ಮಣ್ಣಿನದು 3ರಿಂದ 5, ಗಾಳಿಯದು 1. ಇಷ್ಟು ದೊಡ್ಡ ಅಂತರ ಇರುವುದರಿಂದ ಸ್ವಲ್ಪ ನೀರು ಸೇರಿದರೂ ಮಣ್ಣಿನ ಒಟ್ಟು ಅಳತೆ ಏರುತ್ತದೆ. ಕೆನಡಾದ ಕ್ಲಾರ್ಕ್ ಟಾಪ್ ಮತ್ತು ಸಂಗಡಿಗರು 1980ರಲ್ಲಿ ಈ ಸಂಬಂಧಕ್ಕೆ ಒಂದು ಸಮೀಕರಣ ಕೊಟ್ಟರು. ಅನೇಕ ಬಗೆಯ ಮಣ್ಣಿಗೆ ಅದು ಚೆನ್ನಾಗಿ ಹೊಂದುತ್ತದೆ. ಜೇಡಿ ಹೆಚ್ಚಿರುವ ಎರೆಮಣ್ಣಿನಲ್ಲಿ ಮಾತ್ರ ತಪ್ಪುತ್ತದೆ. ಜೇಡಿಯ ಕಣಗಳಿಗೆ ಅಂಟಿಕೊಂಡ ನೀರು ಸ್ವತಂತ್ರ ನೀರಿನಂತೆ ವರ್ತಿಸುವುದಿಲ್ಲ, ಜೇಡಿ ತಾನೇ ವಿದ್ಯುತ್ತನ್ನು ಹರಿಯಬಿಡುತ್ತದೆ. ಜೊತೆಗೆ ಬೇಸಿಗೆಯಲ್ಲಿ ಎರೆಭೂಮಿ ಬಿರುಕು ಬಿಟ್ಟಾಗ ಸೆನ್ಸರಿನ ಕಡ್ಡಿಗೂ ಮಣ್ಣಿಗೂ ನಡುವೆ ಗಾಳಿ ಸೇರಿ ಸಂಪರ್ಕವೇ ಕಡಿದುಹೋಗುತ್ತದೆ.

ಆಕಾಶದಿಂದ ಬಂದ ದಾರಿ

ಪರ್ಸೆಲ್ ಹೆಸರು ಇಲ್ಲಿ ಮತ್ತೆ ಬರುತ್ತದೆ. 1951ರಲ್ಲಿ ಅವರು ಮತ್ತು ಅವರ ವಿದ್ಯಾರ್ಥಿ ಹೆರಾಲ್ಡ್ ಎವೆನ್ ಹಾರ್ವರ್ಡ್‌ನ ಪ್ರಯೋಗಾಲಯದಲ್ಲಿ ಕಹಳೆಯಾಕಾರದ ಆಂಟೆನಾ ಹೂಡಿ, ನಕ್ಷತ್ರಗಳ ನಡುವಣ ಜಲಜನಕ ಹೊಮ್ಮಿಸುವ 21 ಸೆಂಟಿಮೀಟರ್ ರೇಡಿಯೊ ಅಲೆಯನ್ನು ಹಿಡಿದರು. ಅದರ ಕಂಪನಾಂಕ 1,420 ಮೆಗಾಹರ್ಟ್ಸ್. ಖಗೋಳವಿಜ್ಞಾನಕ್ಕೆ ಇದು ಎಷ್ಟು ಅಮೂಲ್ಯವಾಯಿತೆಂದರೆ 1,400ರಿಂದ 1,427 ಮೆಗಾಹರ್ಟ್ಸ್ ವರೆಗಿನ ಪಟ್ಟಿಯಲ್ಲಿ ಯಾರೂ ರೇಡಿಯೊ ಪ್ರಸಾರ ಮಾಡಬಾರದೆಂದು ಅಂತರರಾಷ್ಟ್ರೀಯ ನಿಯಮ ಬಂತು.

ಆ ಮೌನದ ಲಾಭ ಮಣ್ಣಿಗೂ ಸಿಕ್ಕಿತು. ಎಲ್ಲ ವಸ್ತುಗಳಂತೆ ನೆಲವೂ ತನ್ನ ಉಷ್ಣಕ್ಕೆ ತಕ್ಕಂತೆ ಕ್ಷೀಣವಾದ ಮೈಕ್ರೊವೇವ್ ಹೊಮ್ಮಿಸುತ್ತದೆ. ಹಸಿ ನೆಲ ಕಡಿಮೆ ಹೊಮ್ಮಿಸುತ್ತದೆ, ಒಣ ನೆಲ ಹೆಚ್ಚು. 21 ಸೆಂಟಿಮೀಟರ್ ಆಸುಪಾಸಿನ ಅಲೆಗಳು ಮೋಡವನ್ನೂ ಸಾಧಾರಣ ಬೆಳೆಯ ಹಸಿರನ್ನೂ ದಾಟಿ ಬರುತ್ತವೆ, ನೆಲದ ಮೇಲಿನ ಸುಮಾರು 5 ಸೆಂಟಿಮೀಟರ್ ಪದರದ ಸುದ್ದಿ ತರುತ್ತವೆ. ಯುರೋಪಿನ ಸ್ಮಾಸ್ ಉಪಗ್ರಹ 2009ರ ನವೆಂಬರಿನಲ್ಲಿ, ನಾಸಾದ ಸ್ಮ್ಯಾಪ್ 2015ರ ಜನವರಿಯಲ್ಲಿ ಇದೇ ಪಟ್ಟಿಯಲ್ಲಿ ಆಲಿಸಲೆಂದು ಮೇಲೇರಿದವು. ಇವುಗಳ ಒಂದೊಂದು ಅಳತೆ ಸುಮಾರು 40 ಕಿಲೋಮೀಟರ್ ಅಗಲದ ನೆಲದ ಸರಾಸರಿ. ಹವಾಮಾನ ಮುನ್ಸೂಚನೆಗೂ ಬರಗಾಲದ ಅಂದಾಜಿಗೂ ಇದು ದೊಡ್ಡ ಆಸರೆ. ಆದರೆ ಎರಡು ಎಕರೆ ಹಿಡುವಳಿಯ ರೈತನಿಗೆ ಇಡೀ ತಾಲ್ಲೂಕಿನ ಸರಾಸರಿಯಿಂದ ಏನು ಪ್ರಯೋಜನ?

ಈ ಅಂತರವನ್ನು ಕಿರಿದಾಗಿಸುವ ಹೆಜ್ಜೆ ನಿಸಾರ್. ಇಸ್ರೊ ಮತ್ತು ನಾಸಾ ಜೊತೆಗೂಡಿ ಕಟ್ಟಿದ ಈ ಉಪಗ್ರಹ 2025ರ ಜುಲೈ 30ರಂದು ಶ್ರೀಹರಿಕೋಟಾದಿಂದ ಹಾರಿತು. 12 ಮೀಟರ್ ಅಗಲದ ಆಂಟೆನಾ, ನಾಸಾ ಕೊಟ್ಟ ಎಲ್-ಬ್ಯಾಂಡ್ ಮತ್ತು ಇಸ್ರೊ ಕೊಟ್ಟ ಎಸ್-ಬ್ಯಾಂಡ್ ರಾಡಾರ್‌ಗಳು ಅದರಲ್ಲಿವೆ. ನೆಲದ ಸ್ವಂತ ಹೊಮ್ಮುವಿಕೆಯನ್ನು ಆಲಿಸುವ ಬದಲು ರಾಡಾರ್ ತಾನೇ ಅಲೆ ಕಳಿಸಿ ಮರಳಿದ್ದನ್ನು ಅಳೆಯುತ್ತದೆ. 12 ದಿನಗಳಿಗೊಮ್ಮೆ ಅದೇ ಜಾಗಕ್ಕೆ ಮರಳಿ, ಮೊದಲಿನ ಉಪಗ್ರಹಗಳಿಗಿಂತ ಬಹಳ ಸೂಕ್ಷ್ಮವಾಗಿ ನೆಲವನ್ನು ನೋಡುತ್ತದೆ. ಆದರೆ ರಾಡಾರಿಗೆ ನೀರಿನ ಜೊತೆಗೆ ನೇಗಿಲಿನ ಸಾಲೂ ಬೆಳೆಯ ಎತ್ತರವೂ ಕಾಣುತ್ತದೆ. ಮರಳಿದ ಅಲೆಯಲ್ಲಿ ನೀರಿನ ಪಾಲು ಎಷ್ಟು, ಉಳುಮೆಯ ಪಾಲು ಎಷ್ಟು ಎಂದು ಬಿಡಿಸಲು ನೆಲದ ಮೇಲೆ ನಿಂತು ಅಳೆದವರ ಲೆಕ್ಕ ಬೇಕು.

ಮೂಲೆಹೊಳೆಯಿಂದ ಬೇರಂಬಾಡಿಗೆ

ಆ ಲೆಕ್ಕ ಇಟ್ಟವರು ಕಬಿನಿ ಜಲಾನಯನದಲ್ಲಿ ಇದ್ದಾರೆ. ಭಾರತೀಯ ವಿಜ್ಞಾನ ಸಂಸ್ಥೆ ಮತ್ತು ಫ್ರಾನ್ಸ್‌ನ ಸಂಶೋಧಕರು ಜೊತೆಯಾಗಿ ಎರಡು ದಶಕಗಳಿಂದ ಇಲ್ಲಿ ಮಳೆ, ಮಣ್ಣು, ಹೊಳೆ, ಅಂತರ್ಜಲಗಳನ್ನು ಅಳೆಯುತ್ತ ಬಂದಿದ್ದಾರೆ. ಒಂದು ನೆಲೆ ಬಂಡೀಪುರದ ಕಾಡಿನೊಳಗಿನ ಮೂಲೆಹೊಳೆ. ಅಲ್ಲಿ ಬೇಸಾಯವಿಲ್ಲ, ಕೊಳವೆಬಾವಿಯಿಂದ ನೀರೆತ್ತುವವರಿಲ್ಲ. ಇನ್ನೊಂದು ಅರಿಸಿನ, ಸೂರ್ಯಕಾಂತಿ, ಚೆಂಡುಹೂ ಬೆಳೆಯುವ ಬೇರಂಬಾಡಿ. ಮನುಷ್ಯನ ಕೈ ಸೋಕದ ನೆಲದಲ್ಲಿ ನೀರು ಹೇಗೆ ನಡೆಯುತ್ತದೆ, ಪಂಪ್‌ಸೆಟ್ ಬಂದಲ್ಲಿ ಹೇಗೆ ಬದಲಾಗುತ್ತದೆ ಎಂದು ಹೋಲಿಸಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗದು.

ಮೂಲೆಹೊಳೆಯಲ್ಲಿ ನಡೆದ ಒಂದು ಕೆಲಸವನ್ನು ಇಲ್ಲಿ ಹೇಳಲೇಬೇಕು. ಭೂಮಿಯ ಸ್ವಂತ ಕಾಂತಕ್ಷೇತ್ರ ನಮ್ಮ ಭಾಗದಲ್ಲಿ ಸುಮಾರು 40 ಮೈಕ್ರೊಟೆಸ್ಲಾ. ಆಸ್ಪತ್ರೆಯ 1.5 ಟೆಸ್ಲಾ ಯಂತ್ರದ ಬಲ ಅದರ 30 ಸಾವಿರ ಪಟ್ಟಿಗೂ ಹೆಚ್ಚು. ಆದರೂ ಈ ದುರ್ಬಲ ಕ್ಷೇತ್ರದಲ್ಲಿ ನೆಲದಡಿಯ ನೀರಿನ ಪ್ರೋಟಾನ್‌ಗಳು ಸೆಕೆಂಡಿಗೆ ಸುಮಾರು 1,700 ಬಾರಿ ಸುತ್ತುತ್ತಿರುತ್ತವೆ. ನೆಲದ ಮೇಲೆ ತಂತಿಯ ದೊಡ್ಡ ಸುರುಳಿ ಹಾಸಿ ಅದೇ ಕಂಪನಾಂಕದ ವಿದ್ಯುತ್ತನ್ನು ಹಾಯಿಸಿ ನಿಲ್ಲಿಸಿದರೆ ಆಳದ ಅಂತರ್ಜಲ ಉತ್ತರಿಸುತ್ತದೆ. ಸೋವಿಯತ್ ಒಕ್ಕೂಟದ ನೊವೊಸಿಬಿರ್ಸ್ಕ್‌ನಲ್ಲಿ ಮೊದಲು ರೂಪುಗೊಂಡ ಈ ವಿಧಾನವನ್ನು ಇಂಡೊ-ಫ್ರೆಂಚ್ ತಂಡ ಮೂಲೆಹೊಳೆಗೆ ತಂದಿತು. ಮಳೆಗಾಲದಲ್ಲಿ ಹೊಳೆಯ ತಳದಿಂದ ನೀರು ನೆಲದೊಳಕ್ಕೆ ಇಳಿಯುವ ಬಗೆಯನ್ನು ವಿದ್ಯುತ್ ರೋಧದ ಅಳತೆಯೊಂದಿಗೆ ಇದನ್ನೂ ಸೇರಿಸಿ ಅಧ್ಯಯನ ಮಾಡಿ 2008ರಲ್ಲಿ ಪ್ರಕಟಿಸಿತು. ಮಿದುಳಿನ ಉರಿಯೂತ ತೋರುವ ಭೌತವಿಜ್ಞಾನವೇ ಬಂಡೀಪುರದ ಹೊಳೆಯ ತಳದಲ್ಲೂ ದುಡಿದಿದೆ.

ಬೇರಂಬಾಡಿಯಲ್ಲಿ ಪ್ರೊ. ಎಂ. ಶೇಖರ್ ಮತ್ತು ಸಹೋದ್ಯೋಗಿಗಳು ಮಾಡಿದ ಕೆಲಸ ಇನ್ನೂ ತಾಳ್ಮೆಯದು. ಉಪಗ್ರಹ ತಲೆಯ ಮೇಲೆ ಹಾದುಹೋಗುವ ದಿನಗಳಂದು ಹತ್ತಾರು ಹೊಲಗಳಿಗೆ ಹೋಗಿ ಮೇಲ್ಪದರದ ತೇವ ಅಳೆದರು. ಕೆಂಪು ಮಣ್ಣೂ ಕಪ್ಪು ಮಣ್ಣೂ ಅಕ್ಕಪಕ್ಕ ಇರುವ ಆ ಪ್ರದೇಶದಲ್ಲಿ ಯಾವ ಅಲೆಗೆ ಯಾವ ತೇವ ಎಂಬ ನಂಟನ್ನು ಕಟ್ಟಿದರು. ಉಪಗ್ರಹದ ಚಿತ್ರವನ್ನು ನಂಬಬಹುದೇ ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಹೊಲದಲ್ಲಿ ಬಾಗಿ ನಿಂತವರಿಂದ.

ಶೇ 20 ಅಂದರೆ ಎಷ್ಟು?

ಮಣ್ಣಿನಲ್ಲಿ ಶೇ 20ರಷ್ಟು ನೀರಿದೆ ಎಂದು ಸೆನ್ಸರ್ ಹೇಳಿತು ಎಂದುಕೊಳ್ಳಿ. ಮರಳು ಮಿಶ್ರಿತ ಕೆಂಪು ಮಣ್ಣಿನಲ್ಲಿ ಇದು ಸಮೃದ್ಧಿ. ಬೆಳೆ ಸುಖವಾಗಿರುತ್ತದೆ, ಮೋಟಾರು ಹಾಕುವ ಅಗತ್ಯವಿಲ್ಲ. ವಿಜಯಪುರದ ಎರೆಭೂಮಿಯಲ್ಲಿ ಅದೇ ಶೇ 20 ಬರದ ಸೂಚನೆ. ಜೇಡಿಯ ಅತಿಸಣ್ಣ ಸಂದುಗಳಲ್ಲಿ ಬಿಗಿಯಾಗಿ ಕೂತ ಆ ನೀರನ್ನು ಬೇರು ಎಳೆದುಕೊಳ್ಳಲಾರದು, ಗಿಡ ಬಾಡುತ್ತದೆ. ಅದೇ ಎರೆಭೂಮಿ ಮಳೆಗಾಲದಲ್ಲಿ ತುಂಬಿಕೊಂಡ ನೀರನ್ನು ಆಳದಲ್ಲಿ ಹಿಡಿದಿಟ್ಟು, ಮುಂದೆ ಹೆಚ್ಚು ಮಳೆ ಬಾರದಿದ್ದರೂ ಹಿಂಗಾರಿ ಬಿಳಿಜೋಳವನ್ನು ಕೈಗೆ ತರಬಲ್ಲದು. ಮೇಲಿನ 5 ಸೆಂಟಿಮೀಟರ್ ನೋಡಿ ತೀರ್ಪು ಕೊಡುವ ಉಪಗ್ರಹಕ್ಕೆ ಈ ಆಳದ ಉಳಿತಾಯ ಕಾಣದು.

ಎಂಆರ್‌ಐ ಕಂಡ ಬಿಳಿ ಮಚ್ಚೆಗೂ ಇದೇ ಮಾತು ಅನ್ವಯಿಸುತ್ತದೆ. ನೀರು ಇದೆ ಎಂಬುದು ಮೊದಲ ಸುದ್ದಿ. ಅದು ಯಾವ ಸ್ಥಿತಿಯಲ್ಲಿದೆ, ಯಾರಿಗೆ ದಕ್ಕುತ್ತದೆ, ಯಾರನ್ನು ನೋಯಿಸುತ್ತದೆ ಎಂಬುದು ಬೇರೆ ಸುದ್ದಿ. ಮೊದಲನೆಯದಕ್ಕೆ ಯಂತ್ರ ಸಾಕು. ಎರಡನೆಯದಕ್ಕೆ ಆ ಮೈಯನ್ನು ಬಲ್ಲ ವೈದ್ಯರು, ಆ ಮಣ್ಣನ್ನು ಬಲ್ಲ ರೈತರು ಬೇಕು. ಹಿಡಿ ಮಣ್ಣನ್ನು ಅಂಗೈಯಲ್ಲಿ ಅದುಮಿ ಉಂಡೆ ಕಟ್ಟುತ್ತದೆಯೇ, ಉದುರುತ್ತದೆಯೇ ಎಂದು ನೋಡಿ ಬಿತ್ತನೆಗೆ ಹದ ಬಂತೆಂದು ಹೇಳುವವರ ಅರಿವು ಆ ಹೊಲಕ್ಕೇ ಸೇರಿದ ಅಳತೆ. ಅದನ್ನು ಸೆನ್ಸರಿನ ಅಂಕಿಯ ಪಕ್ಕದಲ್ಲಿಟ್ಟು ದಾಖಲಿಸಿದರೆ ಎರಡಕ್ಕೂ ಬಲ ಬರುತ್ತದೆ.

ಈ ದಿಕ್ಕಿನಲ್ಲಿ ಕೊಯಮತ್ತೂರಿನ ಕಬ್ಬು ತಳಿ ಸಂಸ್ಥೆ ರೂಪಿಸಿದ ತೇವ ಸೂಚಕ ನನಗೆ ಬಹಳ ಇಷ್ಟವಾದ ಉಪಕರಣ. ಅದರ ಕಡ್ಡಿಗಳನ್ನು ಮಣ್ಣಿಗೆ ಊರಿದರೆ ದೀಪ ಹತ್ತುತ್ತದೆ. ನೀಲಿ ಬಂದರೆ ನೀರು ಬೇಡ, ಹಸಿರು ಬಂದರೆ ಸದ್ಯಕ್ಕೆ ಬೇಡ, ಕಿತ್ತಳೆ ಬಂದರೆ ಕೊಡುವುದು ಒಳ್ಳೆಯದು, ಕೆಂಪು ಬಂದರೆ ತಕ್ಷಣ ಕೊಡಬೇಕು. ರೈತ ತೆಗೆದುಕೊಳ್ಳಬೇಕಾದ ತೀರ್ಮಾನದ ಭಾಷೆಯಲ್ಲಿ ಅದು ಮಾತನಾಡುತ್ತದೆ. ಮಿದುಳಿನ ಚಿತ್ರವನ್ನು ರೋಗಿಗೆ ವಿವರಿಸುವ ಒಳ್ಳೆಯ ವೈದ್ಯರೂ ಮಾಡುವುದು ಇದನ್ನೇ.

ಅಳತೆಯೂ ಸಾರ್ವಜನಿಕ ಸೊತ್ತು

ಕರ್ನಾಟಕಕ್ಕೆ ಈ ವಿಷಯದಲ್ಲಿ ಒಳ್ಳೆಯ ಬುನಾದಿ ಇದೆ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಮಳೆಮಾಪಕಗಳನ್ನು, ಹೋಬಳಿ ಮಟ್ಟದಲ್ಲಿ ಹವಾಮಾನ ಕೇಂದ್ರಗಳನ್ನು ಇಟ್ಟು ದೂರಸಂವೇದಿ ಜಾಲ ಕಟ್ಟಿದೆ. ವರುಣ ಮಿತ್ರ ಸಹಾಯವಾಣಿಗೆ ಕರೆ ಮಾಡಿ ರೈತರು ತಮ್ಮೂರಿನ ಮಳೆಯ ಸಾಧ್ಯತೆ ಕೇಳಬಹುದು. ಬಿದ್ದ ಮಳೆಯನ್ನು ಇಷ್ಟು ನಿಕಟವಾಗಿ ಅಳೆಯುವ ರಾಜ್ಯ, ಬಿದ್ದ ಮೇಲೆ ಆ ನೀರು ಮಣ್ಣಿನಲ್ಲಿ ಎಷ್ಟು ಉಳಿಯಿತು ಎಂಬುದನ್ನೂ ಅದೇ ಶ್ರದ್ಧೆಯಿಂದ ಅಳೆಯಬೇಕು. ಬೆಂಗಳೂರು, ಧಾರವಾಡ, ರಾಯಚೂರು ಕೃಷಿ ವಿಶ್ವವಿದ್ಯಾಲಯಗಳು ಮತ್ತು ಜಿಲ್ಲೆಗಳ ಕೃಷಿ ವಿಜ್ಞಾನ ಕೇಂದ್ರಗಳು ತಮ್ಮ ತಮ್ಮ ಭಾಗದ ಎರೆ, ಮಸಾರಿ, ಕೆಮ್ಮಣ್ಣುಗಳಿಗೆ ತಕ್ಕ ಹೊಂದಾಣಿಕೆ ಕೋಷ್ಟಕಗಳನ್ನು ಓವನ್ನಿನಲ್ಲಿ ಒಣಗಿಸಿ, ತೂಗಿ, ಸಿದ್ಧಪಡಿಸಿ ಎಲ್ಲರಿಗೂ ತೆರೆದಿಡಬೇಕು. ಆಗ ಅಂಗಡಿಯಲ್ಲಿ ಕೊಂಡ ಅಗ್ಗದ ಸೆನ್ಸರಿಗೂ ನಿಸಾರ್ ಕಳಿಸುವ ಚಿತ್ರಕ್ಕೂ ನಮ್ಮ ಮಣ್ಣಿನ ಅರ್ಥ ಸಿಗುತ್ತದೆ. ಹಾಗಿಲ್ಲದೆ ಬೇರೆ ದೇಶದ ಮಣ್ಣಿಗೆ ಹೊಂದಿಸಿದ ಅಂಕಿ ನೋಡಿ ನಮ್ಮ ರೈತ ಮೋಟಾರು ಹಾಕಿದರೆ ಅಥವಾ ಹಾಕದೆ ಬಿಟ್ಟರೆ, ನಷ್ಟ ಅವನ ಬೆಳೆಗೆ ಮತ್ತು ಎಲ್ಲರ ಅಂತರ್ಜಲಕ್ಕೆ.

ಆಸ್ಪತ್ರೆಯ ಬದಿಯಲ್ಲೂ ಇದೇ ಮಾತು. ಬೆಂಗಳೂರಿನ ವಾಕ್ಸೆಲ್‌ಗ್ರಿಡ್ಸ್‌ನಂಥ ಕಂಪನಿಗಳು ದೇಶೀಯ ಎಂಆರ್‌ಐ ಯಂತ್ರ ಕಟ್ಟುತ್ತಿರುವುದು ಭರವಸೆಯ ಸಂಗತಿ. ಯಂತ್ರ ಅಗ್ಗವಾಗಿ ಜಿಲ್ಲಾಸ್ಪತ್ರೆಗಳಿಗೆ ಬಂದಾಗ ಅದರ ಜೊತೆಗೆ ಚಿತ್ರ ಓದಬಲ್ಲ ತಜ್ಞರೂ ನಮ್ಮ ಜನರ ವಯಸ್ಸು, ಕಾಯಿಲೆಗಳಿಗೆ ತಕ್ಕ ದತ್ತಾಂಶವೂ ಬರಬೇಕು. ಯಂತ್ರ ಕೊಳ್ಳಲು ಹಣ ಎತ್ತಿಡುವಾಗಲೇ ಸಾಕ್ಷಿ ಸಂಗ್ರಹಿಸುವವರ ಸಂಬಳ, ತರಬೇತಿ, ವರ್ಷಗಟ್ಟಲೆ ನಡೆಯಬೇಕಾದ ಅಳತೆಯ ಖರ್ಚನ್ನೂ ಸರ್ಕಾರಗಳು ಎತ್ತಿಡಬೇಕು. ಹಾರ್ವರ್ಡ್‌ನ ಮೇಣ, ಸೂರ್ಯನ್ ಅವರ ಕೊಳವೆ, ಬೇರಂಬಾಡಿಯ ಹೊಲ ಎಲ್ಲವೂ ಕಲಿಸುವುದು ಇದನ್ನೇ: ತಕ್ಷಣದ ಲಾಭ ಕೇಳದೆ, ಒಂದೇ ಸಂಗತಿಯನ್ನು ಸರಿಯಾಗಿ ಅಳೆಯುತ್ತ ಕೂತವರಿಗೆ ಸಮಾಜ ಅನ್ನ ಮತ್ತು ಅವಕಾಶ ಕೊಟ್ಟರೆ, ಅದರ ಫಲ ರೋಗಿಯ ಹಾಸಿಗೆಗೂ ರೈತನ ಹೊಲಕ್ಕೂ ತಲುಪುತ್ತದೆ. ಮಳೆ ಕೈಕೊಡುವ ವರ್ಷಗಳು ಹೆಚ್ಚುತ್ತಿರುವಾಗ ಈ ವೆಚ್ಚವನ್ನು ಮುಂದೂಡುವ ಸ್ಥಿತಿಯಲ್ಲಿ ನಾವಿಲ್ಲ.